ಮುದ್ರೆಯೇ ಮುಳುವಾದ ವರ್ತಕ ಮಂತ್ರಿ: ಬೀದರಿನ ಮಹಮೂದ್ ಗವಾನ್

ಹಲಬರ್ಗಾ ನಿಲ್ದಾಣದಲ್ಲಿ ರೈಲು ಹತ್ತಿ ಬೀದರಿಗೆ ಬಂದಿಳಿಯುವವರಿಗೆ, ಹಳೆಯ ಪಟ್ಟಣದ ಓಣಿಗಳ ನಡುವೆ ತಲೆಯೆತ್ತಿ ನಿಂತ ಒಂಟಿ ಮಿನಾರ್ ಹೊಸದೇನಲ್ಲ. ಸುಮಾರು 131 ಅಡಿ ಎತ್ತರದ ಆ ಮಿನಾರಿನ ಮೈಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಅದನ್ನು ನೋಡಲು ಹೊರದೇಶಗಳಿಂದಲೂ ಪ್ರವಾಸಿಗರು ಬರುತ್ತಾರೆ. ಕೈಯಲ್ಲಿ ರೂಪಾಯಿ ಇಲ್ಲದಿದ್ದರೆ ಅವರು ಹತ್ತಿರದ ಎಟಿಎಂಗೆ ಹೋಗಿ, ತಮ್ಮ ದೇಶದ ಬ್ಯಾಂಕಿನ ಕಾರ್ಡು ತೂರಿಸಿ, ನಾಲ್ಕಂಕಿಯ ಗುಟ್ಟಿನ ಸಂಖ್ಯೆ ಒತ್ತಿ ಹಣ ಪಡೆಯುತ್ತಾರೆ. ಇದೇ ಜಿಲ್ಲೆಯಿಂದ ಗಲ್ಫ್ ರಾಷ್ಟ್ರಗಳಿಗೆ ಹೋದವರು ಅಲ್ಲಿನ ಯಂತ್ರದ ಮುಂದೆ ಮಾಡುವುದೂ ಇದನ್ನೇ.

ಐದೂವರೆ ಶತಮಾನಗಳ ಹಿಂದೆ ಆ ಮಿನಾರನ್ನು ಕಟ್ಟಿಸಿದವನು, ಒಂದು ದೇಶದಲ್ಲಿ ಗಳಿಸಿದ ಹಣ ಇನ್ನೊಂದು ದೇಶದಲ್ಲಿ ಕೈಗೆ ದೊರೆಯುವಂತೆ ಮಾಡುವ ವಿದ್ಯೆಯನ್ನು ಚೆನ್ನಾಗಿ ಬಲ್ಲವನಾಗಿದ್ದ. ಅವನು ಮೂಲತಃ ವ್ಯಾಪಾರಿ. ಇರಾನಿನಿಂದ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾದ ಮೇಲೂ ಅವನು ವ್ಯಾಪಾರವನ್ನು ಬಿಡಲಿಲ್ಲ. ಅವನ ಸಹಿ ಮತ್ತು ಮುದ್ರೆಗೆ ದೂರದ ಪಟ್ಟಣಗಳಲ್ಲಿಯೂ ಬೆಲೆಯಿತ್ತು. ಕೊನೆಗೆ ಅವನ ಪ್ರಾಣವನ್ನು ತೆಗೆದದ್ದೂ ಅದೇ ಮುದ್ರೆ. ಅವನೇ ಖ್ವಾಜಾ ಇಮಾದುದ್ದೀನ್ ಮಹಮೂದ್ ಗವಾನ್.

ಗೀಲಾನಿನಿಂದ ದಾಭೋಳಕ್ಕೆ

ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತೀರದಲ್ಲಿರುವ ಗೀಲಾನ್, ಇರಾನಿನ ಹಸಿರು ಸೀಮೆ. ರೇಷ್ಮೆಗೆ ಹೆಸರಾದ ನಾಡು. ಅಲ್ಲಿನ ಕಾವಾನ್ ಎಂಬ ಊರಿನಲ್ಲಿ 1411ರ ಸುಮಾರಿಗೆ ಮಹಮೂದ್ ಹುಟ್ಟಿದ. ಊರ ಹೆಸರೇ ಮುಂದೆ ಗವಾನ್ ಎಂದಾಗಿ ಅವನ ಹೆಸರಿಗೆ ಅಂಟಿಕೊಂಡಿತು. ಅವನ ಹಿರಿಯರು ಗೀಲಾನಿನ ಅರಸರ ಬಳಿ ಮಂತ್ರಿಪದವಿಯಲ್ಲಿದ್ದವರು. ಆದರೆ ಆಸ್ಥಾನದ ಮತ್ಸರ ಬೆಳೆದು ಅಲ್ಲಿ ಉಳಿಯುವುದೇ ಅಪಾಯವೆನಿಸಿದಾಗ ಮಹಮೂದ್ ತಾಯ್ನಾಡನ್ನು ತೊರೆದ. ಬೇರೆ ಅರಸರ ಸೇವೆಗೆ ಸೇರುವ ಬದಲು ವ್ಯಾಪಾರದ ದಾರಿ ಹಿಡಿದ. ಸರಕಿನೊಡನೆ ಊರೂರು ಅಲೆಯುತ್ತ, ಹೋದಲ್ಲೆಲ್ಲ ವಿದ್ವಾಂಸರ ಸಂಗ ಮಾಡುತ್ತ ನಡುವಯಸ್ಸನ್ನು ಮುಟ್ಟಿದ.

1453ರ ಸುಮಾರಿಗೆ ಅವನ ಹಡಗು ಕೊಂಕಣ ತೀರದ ದಾಭೋಳ ಬಂದರಿಗೆ ಬಂತು. ಆಗ ಅವನಿಗೆ ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಸೂಫಿ ಸಂತ ಶಾ ಮುಹಿಬ್ಬುಲ್ಲಾ ಅವರ ದರ್ಶನ ಪಡೆದು, ಸರಕು ಮಾರಿ, ಮುಂದೆ ದಿಲ್ಲಿಯ ಕಡೆಗೆ ಹೋಗುವುದು ಅವನ ಎಣಿಕೆಯಾಗಿತ್ತು. ಆದರೆ ಬೀದರ್ ಅವನನ್ನು ಮುಂದೆ ಹೋಗಗೊಡಲಿಲ್ಲ. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್, ಲೋಕವನ್ನು ಕಂಡಿದ್ದ ಈ ವರ್ತಕನ ಮಾತಿಗೂ ವಿದ್ಯೆಗೂ ಮೆಚ್ಚಿ ಅವನನ್ನು ಆಸ್ಥಾನದ ಅಮೀರರಲ್ಲಿ ಒಬ್ಬನನ್ನಾಗಿ ಮಾಡಿದ. ನಲ್ಗೊಂಡದ ದಂಗೆಯನ್ನು ಅಡಗಿಸುವ ಕೆಲಸ ವರ್ತಕನ ಪಾಲಿಗೆ ಬಂತು. ಅದರಲ್ಲಿ ಅವನು ಗೆದ್ದ.

ಬರುವಾಗ ಅವನು ತಂದಿದ್ದ ಬಂಡವಾಳ 40,000 ಲಾರಿ ಎಂದು ಚರಿತ್ರೆಕಾರ ಫೆರಿಷ್ತಾ ದಾಖಲಿಸಿದ್ದಾನೆ. ಲಾರಿ ಎಂದರೆ ದುಂಡು ನಾಣ್ಯವಲ್ಲ. ಬೆಳ್ಳಿಯ ತಂತಿಯನ್ನು ಮಡಿಸಿ, ತಲೆಗೂದಲಿನ ಪಿನ್ನಿನ ಆಕಾರಕ್ಕೆ ತಂದು, ಅಚ್ಚೊತ್ತಿದ ಹಣ ಅದು. ಇರಾನಿನ ಲಾರ್ ಪಟ್ಟಣದಿಂದ ಅದಕ್ಕೆ ಆ ಹೆಸರು ಬಂತು. ಪರ್ಷಿಯನ್ ಕೊಲ್ಲಿಯಿಂದ ನಮ್ಮ ಪಶ್ಚಿಮ ಕರಾವಳಿಯವರೆಗೆ ಅದು ಚಲಾವಣೆಯಲ್ಲಿತ್ತು. ಫೆರಿಷ್ತಾ ಬಿಜಾಪುರದಲ್ಲಿ ಕುಳಿತು ಬರೆದದ್ದು ಗವಾನ್ ತೀರಿದ ನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ. ಆದ್ದರಿಂದ ಲೆಕ್ಕವನ್ನು ತನ್ನ ಕಾಲದ ಹಣದಲ್ಲಿಯೇ ಹೇಳಿರಬಹುದು.

ಕಾರ್ಡಿಲ್ಲದ ಕಾಲದ ಪಯಣ

ಆ ಕಾಲದಲ್ಲಿ ದೂರದೇಶಕ್ಕೆ ಹೊರಟವನ ಮುಂದೆ ಮೂರು ದಾರಿಗಳಿದ್ದವು. ಒಂದು, ನಾಣ್ಯದ ಚೀಲವನ್ನೇ ಹೊತ್ತು ಸಾಗುವುದು. ಇದಕ್ಕೆ ಕಳ್ಳರ ಕಾಟ, ಹಡಗು ಮುಳುಗುವ ಭಯ. ಹೊಸ ಊರಿನಲ್ಲಿ ಸರಾಫನ ಮುಂದೆ ನಿಂತು, ಅವನು ಹೇಳಿದ ಬಟ್ಟಾ ಕೊಟ್ಟು ಅಲ್ಲಿಯ ಹಣಕ್ಕೆ ಬದಲಾಯಿಸಿಕೊಳ್ಳಬೇಕು. ಎರಡು, ಹಣದ ಬದಲು ಸರಕು ಒಯ್ದು ಅಲ್ಲಿ ಮಾರುವುದು. ಮೂರನೆಯದು ಕಾಗದ. ಅರಬ್ಬೀ, ಪಾರ್ಸಿ ವರ್ತಕರಲ್ಲಿ ಇದಕ್ಕೆ ಸುಫ್ತಜಾ ಎಂದು ಹೆಸರು. ನಮ್ಮ ದೇಶದ ಸಾಹುಕಾರರಲ್ಲಿ ಇದು ಹುಂಡಿ. ಒಂದು ಊರಿನಲ್ಲಿ ಹಣ ಕಟ್ಟಿ ಚೀಟಿ ಪಡೆದವನು, ಇನ್ನೊಂದು ಊರಿನಲ್ಲಿ ಆ ವರ್ತಕನ ಗುಮಾಸ್ತೆಗೆ ಚೀಟಿ ತೋರಿಸಿ ಹಣ ತೆಗೆದುಕೊಳ್ಳುತ್ತಿದ್ದ. ತೋರಿಸಿದ ಕೂಡಲೇ ಹಣ ಕೊಡಬೇಕಾದ ಹುಂಡಿಯೇ ದರ್ಶನಿ ಹುಂಡಿ.

11ನೇ ಶತಮಾನದ ಪಾರ್ಸಿ ಯಾತ್ರಿಕ ನಾಸಿರ್ ಖುಸ್ರೋ ಈಜಿಪ್ಟಿನ ಅಸ್ವಾನಿನಿಂದ ಕೆಂಪು ಸಮುದ್ರದ ಐಧಾಬ್ ಬಂದರಿಗೆ ಹೊರಟಾಗ, ಅಸ್ವಾನಿನ ಸ್ನೇಹಿತನೊಬ್ಬ ಅಲ್ಲಿಯ ತನ್ನ ಗುಮಾಸ್ತೆಗೆ ಪತ್ರ ಬರೆದುಕೊಟ್ಟಿದ್ದ. ಯಾತ್ರಿಕ ಕೇಳಿದಷ್ಟನ್ನು ಕೊಟ್ಟು ರಸೀದಿ ಪಡೆಯುವಂತೆ ಪತ್ರದಲ್ಲಿ ಸೂಚನೆಯಿತ್ತು. ಆ ಪತ್ರದಿಂದಲೇ ಪರಊರಿನಲ್ಲಿ ಖುಸ್ರೋನ ಬದುಕು ನಡೆಯಿತು. ಇಂದಿನ ಕಾರ್ಡು ಮಾಡುವ ಕೆಲಸಕ್ಕೂ ಅಂದಿನ ಪತ್ರ ಮಾಡಿದ ಕೆಲಸಕ್ಕೂ ತತ್ವದಲ್ಲಿ ಭೇದವಿಲ್ಲ. ಎರಡರಲ್ಲಿಯೂ ಹಣ ಪ್ರಯಾಣ ಮಾಡುವುದಿಲ್ಲ. ಪ್ರಯಾಣ ಮಾಡುವುದು ನಂಬಿಕೆ.

ಕಾಗದವಿಲ್ಲದವನ ಪಾಡೇನೆಂಬುದಕ್ಕೆ ಬೀದರಿನಲ್ಲಿಯೇ ಒಬ್ಬ ಸಾಕ್ಷಿಯಿದ್ದಾನೆ. ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಗವಾನನ ಅಧಿಕಾರದ ದಿನಗಳಲ್ಲಿಯೇ, 1470ರ ಆಸುಪಾಸಿನಲ್ಲಿ, ಇಲ್ಲಿಗೆ ಬಂದಿದ್ದ. ವೋಲ್ಗಾ ನದಿಯ ಮೇಲೆ ಕಳ್ಳರು ಅವನನ್ನು ದೋಚಿದ್ದರು. ಉಳಿದ ಹಣವನ್ನೆಲ್ಲ ಒಂದು ಗಂಡು ಕುದುರೆಯ ಮೇಲೆ ಹಾಕಿ, ಭಾರತದಲ್ಲಿ ಮಾರಿದರೆ ಲಾಭವೆಂದು ಹಡಗಿನಲ್ಲಿ ತಂದ. ಜುನ್ನರಿನ ಅಧಿಕಾರಿ ಆ ಕುದುರೆಯನ್ನೇ ಕಿತ್ತುಕೊಂಡು, ಮತಾಂತರವಾದರೆ ಮಾತ್ರ ಹಿಂದಿರುಗಿಸುವುದಾಗಿ ಪಟ್ಟು ಹಿಡಿದ. ಖುರಾಸಾನಿನ ಪರಿಚಿತನೊಬ್ಬ ನಡುವೆ ಬಂದು ಮಾತನಾಡಿದ ಮೇಲೆ ಕುದುರೆ ಮರಳಿ ಸಿಕ್ಕಿತು. ಬೀದರಿಗೆ ಬಂದು ಅದನ್ನು ಮಾರಿದ ಮೇಲೆಯೇ ಅವನ ಕೈಯಲ್ಲಿ ಹಣ ಓಡಾಡಿದ್ದು. ಪರದೇಶದಲ್ಲಿ ತನ್ನದೇ ಹಣವನ್ನು ಕೈಗೆ ತಂದುಕೊಳ್ಳಲು ನಿಕಿತಿನ್ ಪಟ್ಟ ಪಾಡು ಇದು.

ವರ್ತಕರ ಒಡೆಯ, ರಾಜ್ಯದ ಮಂತ್ರಿ

ಅಲಾವುದ್ದೀನನ ನಂತರ 1458ರಲ್ಲಿ ಪಟ್ಟಕ್ಕೆ ಬಂದ ಹುಮಾಯೂನ್, ಗವಾನನಿಗೆ ಮಲಿಕ್-ಉತ್-ತುಜ್ಜಾರ್ ಎಂಬ ಬಿರುದು ಕೊಟ್ಟ. ವರ್ತಕರ ಒಡೆಯ ಎಂದು ಅದರ ಅರ್ಥ. ಹುಮಾಯೂನ್ 1461ರಲ್ಲಿ ತೀರಿದಾಗ ಪಟ್ಟವೇರಿದವನು ಎಂಟು ವರ್ಷದ ಬಾಲಕ ನಿಜಾಮ್ ಶಾ. ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಮೂವರೂ ಸೇರಿ ಆಡಳಿತ ನಡೆಸಿದರು. ಮರುವರ್ಷವೇ ಮಾಳವದ ಮಹಮೂದ್ ಖಲ್ಜಿ ದಂಡೆತ್ತಿ ಬಂದು ಬೀದರ್ ಪಟ್ಟಣವನ್ನೇ ಹಿಡಿದ. ಗವಾನ್ ಗುಜರಾತಿನ ಸುಲ್ತಾನ ಮಹಮೂದ್ ಬೇಗಡಾನ ನೆರವು ಪಡೆದು ಶತ್ರುವನ್ನು ಹಿಮ್ಮೆಟ್ಟಿಸಿದ.

1463ರಲ್ಲಿ ನಿಜಾಮ್ ಶಾ ತೀರಿಕೊಂಡು ಅವನ ತಮ್ಮ ಮೂರನೆಯ ಮುಹಮ್ಮದ್ ಪಟ್ಟಕ್ಕೆ ಬಂದ. 1466ರಲ್ಲಿ ಗವಾನ್ ಪ್ರಧಾನಿಯಾದ. ಮುಂದಿನ ಹದಿನೈದು ವರ್ಷ ರಾಜ್ಯದ ಚುಕ್ಕಾಣಿ ಅವನ ಕೈಯಲ್ಲಿತ್ತು.

ಆ ಚುಕ್ಕಾಣಿಯನ್ನು ಅವನು ವರ್ತಕನ ಕಣ್ಣಿನಿಂದ ನಡೆಸಿದ. 1469ರಿಂದ ಕೊಂಕಣದ ಮೇಲೆ ನಡೆಸಿದ ಯುದ್ಧ, 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಕಸಿದುಕೊಂಡದ್ದು, ಆ ಬಳಿಕ ಬೆಳಗಾವಿಯನ್ನು ಹಿಡಿದದ್ದು, ಇವೆಲ್ಲವೂ ಕಡಲ ದಾರಿಗೆ ಸಂಬಂಧಿಸಿದವು. ಹೊರ್ಮುಜಿನಿಂದ ಬರುವ ಕುದುರೆಗಳು ಇಳಿಯುತ್ತಿದ್ದ ಬಂದರು ಗೋವೆ. ಅದನ್ನು ಹಿಡಿದವನಿಗೆ ಸುಂಕವೂ ಸಿಗುತ್ತಿತ್ತು, ಎದುರಾಳಿಗೆ ಹೋಗುವ ಕುದುರೆಗಳ ಮೇಲೆ ಹಿಡಿತವೂ ಸಿಗುತ್ತಿತ್ತು. ತಾನೇ ಆ ಸಮುದ್ರದಲ್ಲಿ ಬಂದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬುರ್ಸಾದ ಪೇಟೆಯಲ್ಲಿ ಬೀದರಿನ ಗುಮಾಸ್ತರು

ಪ್ರಧಾನಿಯಾದ ಮೇಲೆ ಗವಾನನ ವ್ಯಾಪಾರ ನಿಲ್ಲಲಿಲ್ಲವೆಂಬುದಕ್ಕೆ ಆಧಾರ ಸಿಕ್ಕಿರುವುದು ಬೀದರಿನಲ್ಲಲ್ಲ, ತುರ್ಕಿಯ ಬುರ್ಸಾ ಪಟ್ಟಣದಲ್ಲಿ. ಅಟೋಮನ್ ಸಾಮ್ರಾಜ್ಯದ ದೊಡ್ಡ ಪೇಟೆಯಾಗಿದ್ದ ಬುರ್ಸಾದ ನ್ಯಾಯಾಲಯ ಕಡತಗಳನ್ನು ಶೋಧಿಸಿದ ತುರ್ಕಿಯ ಇತಿಹಾಸಕಾರ ಹಲೀಲ್ ಇನಾಲ್ಚಿಕ್, 1480ರ ಆಸುಪಾಸಿನಲ್ಲಿ ಮಹಮೂದ್ ಗವಾನನ ಗುಮಾಸ್ತರು ಭಾರತದ ಬಟ್ಟೆಗಳೊಡನೆ ಅಲ್ಲಿಗೆ ಬಂದಿದ್ದನ್ನು ಬೆಳಕಿಗೆ ತಂದರು. ಅವರ ವ್ಯಾಪಾರ ಬುರ್ಸಾಕ್ಕೆ ನಿಲ್ಲದೆ ಬಾಲ್ಕನ್ ಸೀಮೆಯವರೆಗೂ ಚಾಚಿತ್ತು. ಇರಾನಿನ ರೇಷ್ಮೆಯ ದೊಡ್ಡ ಪೇಟೆಯೂ ಅದೇ ಬುರ್ಸಾ. ಗೀಲಾನಿನವನಿಗೆ ಆ ದಾರಿ ಬಾಲ್ಯದಿಂದಲೂ ಕೇಳಿಬಲ್ಲ ದಾರಿ.

ಯಜಮಾನ ಬೀದರಿನಲ್ಲಿ, ಸರಕು ಬುರ್ಸಾದಲ್ಲಿ, ನಡುವೆ ಸಮುದ್ರ, ಮರುಭೂಮಿ, ಹಲವು ರಾಜ್ಯಗಳು. ಒಂದು ಪತ್ರಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ಇಂಥ ವ್ಯಾಪಾರದಲ್ಲಿ ಯಜಮಾನನ ಗುರುತೆಂದರೆ ಅವನ ಬರಹ ಮತ್ತು ಮುದ್ರೆ ಮಾತ್ರ. ಗವಾನ್ ಪತ್ರಲೇಖನದಲ್ಲಿ ಪಂಡಿತನೇ ಆಗಿದ್ದ. ಅವನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಶಾ' ಇಂದಿಗೂ ಉಳಿದಿದೆ. ಪತ್ರ ಬರೆಯುವ ಕಲೆಯ ಮೇಲೆಯೇ 'ಮನಾಜಿರ್-ಉಲ್-ಇನ್ಶಾ' ಎಂಬ ಇನ್ನೊಂದು ಗ್ರಂಥ ರಚಿಸಿದ. ಕಾನ್‌ಸ್ಟಾಂಟಿನೋಪಲನ್ನು ಗೆದ್ದ ಅಟೋಮನ್ ಸುಲ್ತಾನ ಎರಡನೆಯ ಮೆಹಮದನಿಗೂ, ಹೆರಾತಿನ ಮಹಾಕವಿ ಜಾಮಿಗೂ ಅವನಿಂದ ಪತ್ರಗಳು ಹೋಗುತ್ತಿದ್ದವು. ಜಾಮಿಯನ್ನು ಬೀದರಿಗೆ ಆಹ್ವಾನಿಸಿದ್ದ. ಕವಿ ಬರಲಿಲ್ಲ, ಆದರೆ ಸ್ನೇಹ ಉಳಿಯಿತು.

1472ರಲ್ಲಿ ಪೂರ್ಣಗೊಂಡ ಮದರಸಾ ಈ ನಂಟುಗಳ ಫಲ. ಮೂರು ಅಂತಸ್ತು, ಉಪನ್ಯಾಸದ ಕೋಣೆಗಳು, ಮಸೀದಿ, ಗ್ರಂಥಾಲಯ, ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ವಸತಿ. ಮಧ್ಯ ಏಷ್ಯಾದ ಮದರಸಾಗಳ ಮಾದರಿಯಲ್ಲಿ ಬಣ್ಣದ ಹೆಂಚುಗಳಿಂದ ಹೊದಿಸಿದ ಗೋಡೆಗಳು. ಗವಾನ್ ತನ್ನ 3,000 ಗ್ರಂಥಗಳನ್ನು ವಿದ್ಯಾರ್ಥಿಗಳಿಗೆ ಮೀಸಲಿಟ್ಟ. 17ನೇ ಶತಮಾನದ ಕೊನೆಯಲ್ಲಿ, ಮೊಗಲರ ಕಾಲದಲ್ಲಿ, ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಹೋದದ್ದು ಆಗಲೇ.

ಎರಡು ಬೊಕ್ಕಸ, ಒಂದು ಬಂಡವಾಳ

ನಿಕಿತಿನ್ ಕಂಡ ಗವಾನ್ ವೈಭವದ ಮಂತ್ರಿ. ಅವನ ಪಂಕ್ತಿಯಲ್ಲಿ ನಿತ್ಯ 500 ಜನ ಊಟ ಮಾಡುತ್ತಾರೆ, ಲಾಯದಲ್ಲಿ 2,000 ಕುದುರೆಗಳಿವೆ ಎಂದು ಆ ರಷ್ಯನ್ ಬರೆದುಕೊಂಡಿದ್ದಾನೆ. ಅದೇ ಬರಹದಲ್ಲಿ, ಇಲ್ಲಿನ ಶ್ರೀಮಂತರು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುವಾಗ ಹಳ್ಳಿಗರು ಕಡುಬಡತನದಲ್ಲಿದ್ದಾರೆ ಎಂಬ ಮಾತೂ ಇದೆ. ಗವಾನನ ಕಾಲವನ್ನು ಹೊಗಳುವವರು ಅದನ್ನು ಮರೆಯಬಾರದು.

ಫೆರಿಷ್ತಾ ತೋರಿಸುವ ಗವಾನ್ ಬೇರೆ. ಚಾಪೆಯ ಮೇಲೆ ಮಲಗಿ, ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಿದ್ದವನು ಅವನು. ಕೊಂಕಣದ ಗೆಲುವಿನ ನಂತರ ಸುಲ್ತಾನನೇ ಅವನ ಮನೆಯಲ್ಲಿ ಒಂದು ವಾರ ತಂಗಿದ. ರಾಜಮಾತೆ ಅವನನ್ನು ಸೋದರನೆಂದು ಕರೆದಳು. ಆ ಗೌರವದ ಬೆನ್ನಿಗೇ ಗವಾನ್ ಕೋಣೆಯ ಬಾಗಿಲಿಕ್ಕಿಕೊಂಡು ಅತ್ತನಂತೆ. ಮನಸ್ಸಿಗೆ ಅಹಂಕಾರ ಹೊಕ್ಕಿತೆಂದು ಹೆದರಿ, ಹೊನ್ನು, ಒಡವೆಗಳನ್ನು ಹಂಚಿ ಒರಟು ಬಟ್ಟೆ ಉಟ್ಟನಂತೆ. ಶುಕ್ರವಾರದ ರಾತ್ರಿ ವೇಷ ಮರೆಸಿ ಓಣಿಗಳಲ್ಲಿ ಬಡವರಿಗೆ ಹಣ ಕೊಡುತ್ತಿದ್ದ, ಅದು ಸುಲ್ತಾನ ಕಳಿಸಿದ್ದೆಂದು ಹೇಳುತ್ತಿದ್ದ ಎಂಬ ಮಾತೂ ಇದೆ.

ಆದರೆ ಆಡಳಿತದಲ್ಲಿ ಅವನು ಮೃದುವಾಗಿರಲಿಲ್ಲ. ನಾಲ್ಕು ತರಫ್‌ಗಳಾಗಿದ್ದ ರಾಜ್ಯವನ್ನು ಎಂಟಾಗಿ ಒಡೆದ. ಪ್ರತಿ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕವನ್ನು ಸುಲ್ತಾನನ ನೇರ ಅಧೀನಕ್ಕೆ ತಂದ. ಸೈನಿಕರ ಸಂಖ್ಯೆಗೆ ತಕ್ಕಂತೆ ಲೆಕ್ಕ ಕೇಳಿದ. ಇಲ್ಲದ ಸೈನಿಕರ ಹೆಸರಿನಲ್ಲಿ ಹಣ ತಿನ್ನುವ ದಾರಿ ಮುಚ್ಚಿತು. ದಖ್ಖನಿ ಅಮೀರರಿಗೂ ಹೊರಗಿನಿಂದ ಬಂದ ಅಫಾಕಿಗಳಿಗೂ ಹಳೆಯ ವೈರವಿತ್ತು. ಗವಾನ್ ಹುದ್ದೆಗಳನ್ನು ಎರಡೂ ಬಣಗಳಿಗೆ ಹಂಚಿ ಸಮತೂಕ ಕಾಯಲು ಯತ್ನಿಸಿದ. ಆದರೂ ಅಧಿಕಾರ ಕಳೆದುಕೊಂಡವರ ಸಿಟ್ಟು ಆರಲಿಲ್ಲ.

ಖಾಲಿ ಕಾಗದದ ಮೇಲೊಂದು ಮುದ್ರೆ

ಗವಾನನನ್ನು ಯುದ್ಧದಲ್ಲಿ ಸೋಲಿಸಲಾಗದ, ಲೆಕ್ಕದಲ್ಲಿ ಹಿಡಿಯಲಾಗದ ವೈರಿಗಳು ಅವನ ಮುದ್ರೆಯ ಕಡೆ ನೋಡಿದರು. ಸಂಚಿನ ಹಿಂದಿದ್ದವನು ತೆಲಂಗಾಣದ ಪ್ರಬಲ ಅಮೀರ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕ್. ಗವಾನನ ಮುದ್ರೆ ಇರುತ್ತಿದ್ದುದು ಒಬ್ಬ ಹಬಶಿ ಸೇವಕನ ಬಳಿ. ಸಂಚುಗಾರರು ಅವನ ಗೆಳೆತನ ಬೆಳೆಸಿ, ಕುಡಿಸಿ, ಮಡಿಸಿದ ಒಂದು ಕಾಗದವನ್ನು ಮುಂದಿಟ್ಟು ಅದು ಯಾರದೋ ಸಾಮಾನ್ಯ ಲೆಕ್ಕಪತ್ರವೆಂದು ಹೇಳಿ ಮುದ್ರೆ ಒತ್ತಿಸಿಕೊಂಡರು. ಸೇವಕ ಬಿಚ್ಚಿ ನೋಡಲಿಲ್ಲ. ಒಳಗೆ ಕಾಗದ ಖಾಲಿಯಿತ್ತು.

ಆ ಖಾಲಿ ಜಾಗದಲ್ಲಿ ಅವರು ಒಡಿಶಾದ ರಾಜ ಪುರುಷೋತ್ತಮನಿಗೆ ಗವಾನನ ಹೆಸರಿನಲ್ಲಿ ಪತ್ರ ಬರೆದರು. ಸುಲ್ತಾನನ ಕುಡಿತದಿಂದ ಪ್ರಜೆಗಳು ಬೇಸತ್ತಿದ್ದಾರೆ, ದಂಡೆತ್ತಿ ಬಂದರೆ ರಾಜ್ಯವನ್ನು ಹಂಚಿಕೊಳ್ಳಬಹುದು ಎಂಬುದು ಅದರ ಸಾರ. ಪೂರ್ವ ತೀರದ ದಂಡಯಾತ್ರೆಯಲ್ಲಿದ್ದ ಸುಲ್ತಾನನಿಗೆ ಪತ್ರ ತಲುಪಿದಾಗ ಅವನು ಕುಡಿದಿದ್ದ. ಕೂಡಲೇ ಗವಾನನಿಗೆ ಕರೆ ಹೋಯಿತು. ಹೋಗಬೇಡ, ಗುಜರಾತಿಗೆ ತಪ್ಪಿಸಿಕೊಂಡು ಹೋಗು ಎಂದು ಗೆಳೆಯರು ಬೇಡಿಕೊಂಡರು. ತಪ್ಪು ಮಾಡದವನು ಓಡಬೇಕಿಲ್ಲವೆಂದು ಅವನು ಹೋದ.

ಪತ್ರವನ್ನು ಮುಂದೆ ಹಿಡಿದಾಗ ಗವಾನ್ ಇದ್ದುದನ್ನು ಇದ್ದಂತೆ ಹೇಳಿದ. ಮುದ್ರೆ ತನ್ನದೇ, ಪತ್ರ ತನ್ನದಲ್ಲ. ಆದರೆ ಆ ಯುಗದಲ್ಲಿ ಮುದ್ರೆಯೇ ಮನುಷ್ಯ. ಮುದ್ರೆಯನ್ನು ಒಪ್ಪಿಕೊಂಡ ಮೇಲೆ ಬರಹವನ್ನು ಅಲ್ಲಗಳೆಯುವ ದಾರಿಯೇ ಇರಲಿಲ್ಲ. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು, ಕೊಂಡಪಲ್ಲಿಯ ಬೀಡಿನಲ್ಲಿ, ಎಪ್ಪತ್ತರ ವೃದ್ಧ ಮಂತ್ರಿಯ ತಲೆ ಉರುಳಿತು.

ಆಮೇಲೆ ಸುಲ್ತಾನ ಗವಾನನ ಖಜಾಂಚಿಯನ್ನು ಕರೆಸಿ ಸಂಪತ್ತೆಲ್ಲಿ ಎಂದು ಕೇಳಿದ. ಖಜಾಂಚಿ ಒಪ್ಪಿಸಿದ ಲೆಕ್ಕವನ್ನು ಫೆರಿಷ್ತಾ ವಿವರವಾಗಿ ಕೊಟ್ಟಿದ್ದಾನೆ. ಬೊಕ್ಕಸ ಎರಡು. ಸೈನ್ಯ, ಲಾಯ, ಮನೆತನದ ವೆಚ್ಚಕ್ಕಾಗಿದ್ದ ರಾಜನ ಬೊಕ್ಕಸದಲ್ಲಿ 10,000 ಲಾರಿ ಮತ್ತು 3,000 ಹೊನ್ನು. ಬಡವರ ಬೊಕ್ಕಸದಲ್ಲಿ 300 ಲಾರಿ. ಜಾಗೀರಿನ ಆದಾಯದಲ್ಲಿ ವೆಚ್ಚ ಕಳೆದು ಉಳಿದದ್ದು ಬಡವರಿಗೆ. ಅವನ ಸ್ವಂತ ಊಟ, ಬಟ್ಟೆಯ ಖರ್ಚು ಗೀಲಾನಿನಿಂದ ತಂದ ಆ 40,000 ಲಾರಿಯ ವ್ಯಾಪಾರದ ಲಾಭದಿಂದ. ಅದೇ ಲಾಭದಲ್ಲಿ ಒಂದು ಪಾಲು ಇರಾನಿನಲ್ಲಿದ್ದ ತಾಯಿಗೆ, ನೆಂಟರಿಗೆ, ಇಲ್ಲಿಗೆ ಬರಲಾಗದ ಹಳೆಯ ಪರಿಚಿತರಿಗೆ ಹೋಗುತ್ತಿತ್ತು. ರಾಜ್ಯವನ್ನು ಮಾರಿಕೊಂಡನೆಂದು ತಲೆ ತೆಗೆಸಿಕೊಂಡವನು, ರಾಜ್ಯದ ಹಣದಿಂದ ತಾಯಿಗೂ ಒಂದು ಕಾಸು ಕಳಿಸಿರಲಿಲ್ಲ.

ಸತ್ಯ ತಿಳಿದು ಸುಲ್ತಾನ ಕುಗ್ಗಿದ. ವರ್ಷ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ತೀರಿಕೊಂಡ. ಬಹಮನಿ ರಾಜ್ಯ ಬಿಜಾಪುರ, ಅಹಮದನಗರ, ಬೀರಾರ್, ಗೋಲ್ಕೊಂಡ, ಬೀದರ್ ಎಂದು ಐದಾಗಿ ಒಡೆಯಿತು. ಅಹಮದನಗರವನ್ನು ಕಟ್ಟಿದವನು ಮಲಿಕ್ ಹಸನನ ಮಗ. ಬಿಜಾಪುರವನ್ನು ಕಟ್ಟಿದ ಯೂಸುಫ್ ಆದಿಲ್ ಖಾನ್ ಗವಾನನ ನೆರಳಲ್ಲಿ ಬೆಳೆದವನು. ಗವಾನನ ಸಮಾಧಿ ಬೀದರ್ ಬಳಿಯ ಗೋರನಳ್ಳಿಯಲ್ಲಿದೆ.

ಇಂದಿನ ಮುದ್ರೆ

ಇಂದು ದುಬೈನ ಯಂತ್ರದಲ್ಲಿ ಭಾಲ್ಕಿಯವನೊಬ್ಬ ಕಾರ್ಡು ತೂರಿಸಿದರೆ, ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನಂಥ ಜಾಲದ ಮೂಲಕ ಕೋರಿಕೆ ಅವನ ಬ್ಯಾಂಕಿಗೆ ತಲುಪಿ ಒಪ್ಪಿಗೆ ಕ್ಷಣಾರ್ಧದಲ್ಲಿ ಮರಳುತ್ತದೆ. ಯಂತ್ರ ಸ್ಥಳೀಯ ಹಣ ಕೊಡುತ್ತದೆ. ಬ್ಯಾಂಕುಗಳು ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳುವುದು ಆಮೇಲೆ. ಸರಾಫನ ಬಟ್ಟಾ ಇಂದಿಗೂ ಹೋಗಿಲ್ಲ. ಯಂತ್ರದ ಶುಲ್ಕ, ಸ್ವಂತ ಬ್ಯಾಂಕಿನ ಶುಲ್ಕ, ವಿನಿಮಯ ದರದ ಮೇಲಿನ ಹೆಚ್ಚಳ ಎಂಬ ಹೆಸರುಗಳಲ್ಲಿ ಅದು ಉಳಿದಿದೆ. ರೂಪಾಯಿಯಲ್ಲಿಯೇ ಲೆಕ್ಕ ಹಾಕಲೇ ಎಂದು ಪರದೇಶದ ಯಂತ್ರ ಕೇಳಿದರೆ ಬೇಡವೆಂದು ಸ್ಥಳೀಯ ಹಣವನ್ನೇ ಆರಿಸುವುದು ಸಾಮಾನ್ಯವಾಗಿ ಲಾಭಕರ. ಕ್ರೆಡಿಟ್ ಕಾರ್ಡಿನಲ್ಲಿ ನಗದು ಪಡೆದರೆ ಅಂದಿನಿಂದಲೇ ಬಡ್ಡಿ ಓಡುತ್ತದೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ಹೊರದೇಶದ ಬಳಕೆಯನ್ನು ಗ್ರಾಹಕನೇ ತೆರೆದುಕೊಂಡು ಹೊರಡಬೇಕು.

ಇವೆಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಮದರಸಾದ ಒಂಟಿ ಮಿನಾರಿನ ಕೆಳಗೆ ಸಿಗುತ್ತದೆ. ಅಂದಿನ ಮುದ್ರೆಯ ಸ್ಥಾನದಲ್ಲಿ ಇಂದು ನಾಲ್ಕಂಕಿಯ ಸಂಖ್ಯೆಯಿದೆ. ಅದನ್ನು ಒತ್ತಿದವರು ಯಾರೇ ಆಗಿರಲಿ, ದೂರದಲ್ಲಿ ಕುಳಿತ ಬ್ಯಾಂಕಿನ ಕಣ್ಣಿಗೆ ಅವರೇ ಖಾತೆದಾರರು. ರಾಜ್ಯವನ್ನೇ ಆಳಿದ ಮಹಮೂದ್ ಗವಾನ್, ದೂರದೇಶಗಳಿಗೆ ಚಾಚಿದ್ದ ತನ್ನ ವ್ಯವಹಾರದ ಕೀಲಿಕೈಯನ್ನು ನಂಬಿದ ಸೇವಕನ ಕೈಯಲ್ಲಿಟ್ಟಿದ್ದ. ಸೇವಕ ದ್ರೋಹಿಯೂ ಆಗಿರಲಿಲ್ಲ. ಒಂದು ಸಂಜೆ ಕುಡಿದ ಗಳಿಗೆಯಲ್ಲಿ ಕಾಗದ ಬಿಚ್ಚಿ ನೋಡುವುದನ್ನು ಮರೆತ, ಅಷ್ಟೆ.